ಕಾಯಿ ಬೆಂಕಿಯಷ್ಟು ಖಾರ, ವಿನೆಗರ್ ಮಾತ್ರ ಸಪ್ಪೆ: ಯಾಕೆ?

ಪ್ರಶ್ನೆ: ಕುಂಡದಲ್ಲಿ ಹಬನೆರೊ ಮೆಣಸಿನಕಾಯಿ ಬೆಳೆದಿದ್ದೇನೆ. ಒಂದು ಚೂರು ಕಚ್ಚಿದರೂ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತದೆ. ಹತ್ತು ಹನ್ನೆರಡು ಕಾಯಿ ತೊಳೆದು, ಒರೆಸಿ, ಬಾಟಲಿಗೆ ಹಾಕಿ ಮೇಲೆ ವಿನೆಗರ್ ತುಂಬಿಸಿಟ್ಟೆ. ಎರಡು ವಾರವಾಯಿತು. ವಿನೆಗರ್ ಹುಳಿಯಾಗಿದೆ ಅಷ್ಟೇ, ಖಾರದ ಸುಳಿವೇ ಇಲ್ಲ. ತಪ್ಪು ಗಿಡದ್ದಾ, ನನ್ನದಾ?

ಉತ್ತರ: ಗಿಡದ್ದಲ್ಲ. ಕಾಯಿ ಕಚ್ಚಿದಾಗ ಕಣ್ಣೀರು ಬರುತ್ತದೆ ಅಂತ ನೀವೇ ಹೇಳಿದ್ದೀರಿ, ಅಂದರೆ ಗಿಡ ತನ್ನ ಕೆಲಸ ಮಾಡಿದೆ. ನಿಮ್ಮ ಪತ್ರದಲ್ಲಿ ತೊಳೆದದ್ದಿದೆ, ಒರೆಸಿದ್ದಿದೆ, ಸೀಳಿದ್ದು ಎಲ್ಲೂ ಇಲ್ಲ. ಕಾಯಿಗಳನ್ನು ಇಡಿಯಾಗಿ ಹಾಕಿದ್ದೀರಿ, ಅಲ್ವಾ?

ಒಂದು ಕಾಯಿಯನ್ನು ಉದ್ದಕ್ಕೆ ಸೀಳಿ ಬೆಳಕಿಗೆ ಹಿಡಿದು ನೋಡಿ. ತೊಟ್ಟಿನಿಂದ ಕೆಳಕ್ಕೆ ಇಳಿದಿರುವ ಬಿಳಿ ತಿರುಳು ಕಾಣುತ್ತದೆ, ಬೀಜಗಳು ಅದಕ್ಕೇ ಅಂಟಿಕೊಂಡಿರುತ್ತವೆ. ಖಾರ ಹುಟ್ಟುವುದು ಆ ತಿರುಳಿನಲ್ಲಿ. ತುಂಬಾ ಖಾರದ ತಳಿಯಾದರೆ ಅದರ ಮೇಲೆ ಎಣ್ಣೆ ಸವರಿದ ಹಾಗೆ ಹಳದಿ ಹೊಳಪೂ ಇರುತ್ತದೆ. ಬೀಜದಲ್ಲಿ ಖಾರ ಇದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಬೀಜದ ಸ್ವಂತದ್ದಲ್ಲ, ಪಕ್ಕದ ತಿರುಳಿನಿಂದ ಮೆತ್ತಿಕೊಂಡದ್ದು.

ಖಾರದ ಆ ವಸ್ತುವಿನ ಹೆಸರು ಕ್ಯಾಪ್ಸೈಸಿನ್. ಅದಕ್ಕೂ ನೀರಿಗೂ ಆಗಿಬರುವುದಿಲ್ಲ. ಎಣ್ಣೆಯಲ್ಲಿ, ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತದೆ, ನೀರಿನಲ್ಲಿ ಕರಗುವುದು ತೀರಾ ಅಲ್ಪ. ವಿನೆಗರ್ ಅಂದರೆ ಏನು? ಸಾಮಾನ್ಯವಾಗಿ ಶೇಕಡಾ 5ರಷ್ಟು ಅಸಿಟಿಕ್ ಆಮ್ಲ, ಉಳಿದದ್ದು ಹೆಚ್ಚುಕಡಿಮೆ ನೀರೇ. ಇದರ ಮೇಲೆ ಇಡೀ ಕಾಯಿಯ ಹೊರಗೆ ಮೇಣದಂಥ ನಯವಾದ ಸಿಪ್ಪೆ ಬೇರೆ. ಖಾರ ಒಳಗೆ ಬಾಗಿಲು ಹಾಕಿಕೊಂಡು ಕೂತಿದೆ, ವಿನೆಗರ್ ಹೊರಗೆ ನಿಂತಿದೆ. ಇಡೀ ಕಾಯಿಯಿಂದ ಖಾರ ಇಳಿಯುವುದು ತೀರಾ ನಿಧಾನ.

ನಾನೂ ಇದೇ ತಪ್ಪು ಮಾಡಿದವನು. ಆಮೇಲೆ ಒಂದೇ ಗಿಡದ ಕಾಯಿಗಳನ್ನು ಎರಡು ಪಾಲು ಮಾಡಿ, ಒಂದು ಬಾಟಲಿಗೆ ಇಡಿಯಾಗಿ, ಇನ್ನೊಂದಕ್ಕೆ ಸೀಳಿ ಹಾಕಿದೆ. ಹತ್ತು ದಿನ ಬಿಟ್ಟು ಎರಡರಿಂದಲೂ ಒಂದೊಂದು ಹನಿ ನಾಲಿಗೆಗೆ ಹಚ್ಚಿ ನೋಡಿದೆ. ಮೊದಲನೆಯದು ಬರೀ ಹುಳಿ. ಎರಡನೆಯದು ಮೊದಲು ಹುಳಿ, ಒಂದು ಕ್ಷಣ ಏನೂ ಇಲ್ಲ, ಆಮೇಲೆ ಗಂಟಲಿನ ಹತ್ತಿರ ಚುರುಕ್!

ಹಾಗಾದರೆ ಸೀಳಿದರೆ ಸಾಕಾ? ನಿಮಗೆ ಎಂಥ ವಿನೆಗರ್ ಬೇಕು ಅನ್ನುವುದರ ಮೇಲೆ ಹೋಗುತ್ತದೆ. ಊಟದ ಮೇಲೆ ಚಿಮುಕಿಸಲು ತಿಳಿಯಾದ, ಹದವಾದ ಖಾರದ ವಿನೆಗರ್ ಸಾಕು ಅಂದರೆ ಸೀಳಿದ ಕಾಯಿ ಸಾಕು. ಜಾಡಿಯ ಮುಕ್ಕಾಲು ಭಾಗ ಸೀಳಿದ ಕಾಯಿ ತುಂಬಿ. ವಿನೆಗರನ್ನು ಆವಿ ಬರುವಷ್ಟು ಮಾತ್ರ ಬಿಸಿ ಮಾಡಿ ಸುರಿಯಿರಿ, ಕೊತಕೊತ ಕುದಿಸುವುದು ಬೇಡ. ಬಿಸಿಗೆ ಸಿಪ್ಪೆ ಮೆತ್ತಗಾಗಿ ಖಾರ ಬೇಗ ಬಿಡುತ್ತದೆ. ಎರಡು ಮೂರು ವಾರದಲ್ಲಿ ರುಚಿ ಹಿಡಿಯುತ್ತದೆ.

ಕಾಯಿಯಷ್ಟೇ ಖಾರ ಬೇಕು ಅಂದರೆ ನೆನೆಸಿಡುವುದನ್ನು ಮರೆತುಬಿಡಿ, ಅರೆಯಿರಿ. ಖಾರ ಕರಗುವುದಿಲ್ಲ ಅಂದರೆ ಬೇಡ, ತಿರುಳಿನ ಸಣ್ಣ ಕಣಗಳ ಜೊತೆ ಅದು ವಿನೆಗರ್‌ನಲ್ಲಿ ತೇಲಿಕೊಂಡಿರಲಿ. ಟಬಾಸ್ಕೊ ಅನ್ನುವ ಅಮೆರಿಕದ ಖಾರದ ಸಾಸ್ ಮಾಡುವವರೂ ಕಾಯಿಯನ್ನು ಇಡಿಯಾಗಿ ನೆನೆಸುವುದಿಲ್ಲ. ಮೊದಲು ಅರೆದು ಉಪ್ಪು ಸೇರಿಸಿ, ಓಕ್ ಮರದ ಪೀಪಾಯಿಗಳಲ್ಲಿ 3 ವರ್ಷದವರೆಗೆ ಮಾಗಿಸಿ, ಆಮೇಲೆ ವಿನೆಗರ್ ಬೆರೆಸಿ ಕಲಕುತ್ತಾರೆ. ನಮಗೆ ಅಷ್ಟು ತಾಳ್ಮೆ ಬೇಕಿಲ್ಲ. 250 ಗ್ರಾಂ ಹಣ್ಣಾದ ಕಾಯಿ, 250 ಮಿಲಿ ವಿನೆಗರ್, ಒಂದೂವರೆ ಚಮಚ ಉಪ್ಪು. ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿ, ಪೂರ್ತಿ ಆರಿಸಿ, ಮಿಕ್ಸಿಗೆ ಹಾಕಿ. ಬಿಸಿ ಇರುವಾಗಲೇ ಹಾಕಿದರೆ ಆವಿಯ ಒತ್ತಡಕ್ಕೆ ಮುಚ್ಚಳ ಹಾರಿ ಮುಖಕ್ಕೇ ಎರಚೀತು. ಸೋಸುವುದು ನಿಮ್ಮಿಷ್ಟ, ಆದರೆ ಸೋಸಿದಷ್ಟೂ ಖಾರ ಜರಡಿಯಲ್ಲೇ ಉಳಿಯುತ್ತದೆ. ಸೋಸದಿದ್ದರೆ ತಳಕ್ಕೆ ಗಸಿ ಕೂರುತ್ತದೆ, ಬಳಸುವ ಮೊದಲು ಅಲ್ಲಾಡಿಸಿ.

ಬೇಯಿಸುವಾಗ ಕಿಟಕಿ ತೆರೆದಿಡಿ. ನಾನು ಒಮ್ಮೆ ಬಾಗಿಲು ಕಿಟಕಿ ಎಲ್ಲ ಮುಚ್ಚಿಕೊಂಡು ಈ ಕೆಲಸಕ್ಕೆ ಕೂತಿದ್ದೆ. ಐದೇ ನಿಮಿಷಕ್ಕೆ ಘಾಟು ಮನೆಯೆಲ್ಲ ಹರಡಿ ಎಲ್ಲರೂ ಕೆಮ್ಮುತ್ತಾ ಹೊರಗೆ ಓಡಿದರು. ಆ ಸಂಜೆ ಯಾರೂ ನನ್ನನ್ನು ಮಾತಾಡಿಸಲಿಲ್ಲ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಹಾಕಿಕೊಳ್ಳದೆ ಕೈ ಉರಿ ಶುರುವಾದರೆ ಬರೀ ನೀರಿನಲ್ಲಿ ತೊಳೆದು ಪ್ರಯೋಜನವಿಲ್ಲ, ಕಾರಣ ಈಗಾಗಲೇ ಗೊತ್ತಿದೆ. ಮೊದಲು ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸಾಬೂನು.

ಇನ್ನು ಕೆಡುವ ವಿಷಯ. ವಿನೆಗರ್ ಬಾಟಲಿಯ ಮೇಲೆ ಶೇಕಡಾ 5 ಆಮ್ಲ ಅಂತ ಇದೆಯಾ ನೋಡಿ, ಅದಕ್ಕೆ ಸುಮ್ನೆ ನೀರು ಬೆರೆಸಬೇಡಿ. ಬಾಟ್ಯುಲಿಸಂ ಅನ್ನುವ ಅಪಾಯದ ಕಾಯಿಲೆ ತರುವ ವಿಷ ತಯಾರಿಸುವ ಬ್ಯಾಕ್ಟೀರಿಯಾ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕಡಿಮೆ ಇರುವ ಕಡೆ ಬೆಳೆಯುವುದಿಲ್ಲ. ವಿನೆಗರ್ ನಮ್ಮನ್ನು ಕಾಪಾಡುವುದೇ ಹಾಗೆ. ಎಣ್ಣೆಯಲ್ಲಿ ಖಾರ ಚೆನ್ನಾಗಿ ಕರಗುತ್ತದೆ ಅಂತ ಓದಿ, ಹಸಿ ಕಾಯಿಯನ್ನೋ ಬೆಳ್ಳುಳ್ಳಿಯನ್ನೋ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡಲು ಹೋಗಬೇಡಿ. ಅಲ್ಲಿ ಹುಳಿಯ ಕಾವಲಿಲ್ಲ. ಗಾಜಿನ ಬಾಟಲಿ, ಪ್ಲಾಸ್ಟಿಕ್ ಮುಚ್ಚಳ, ಫ್ರಿಜ್ಜು, ಇಷ್ಟಿದ್ದರೆ ಆಯಿತು. ವಿನೆಗರ್‌ಗೆ ಹಾಕಿದ ಬೆಳ್ಳುಳ್ಳಿ ಕೆಲವೊಮ್ಮೆ ನೀಲಿಗೋ ಹಸಿರಿಗೋ ತಿರುಗುತ್ತದೆ. ಗಾಬರಿ ಬೇಡ, ಅದು ಹುಳಿಗೆ ಆಗುವ ಬಣ್ಣ, ತಿನ್ನಬಹುದು.

ಗಿಡದ್ದು ತಪ್ಪಾ ಅಂತ ಕೇಳಿದ್ದರಿಂದ ಒಂದೆರಡು ಮಾತು. ಪಕ್ಕದಲ್ಲಿ ದೊಣ್ಣೆ ಮೆಣಸಿನಕಾಯಿ ಇಟ್ಟರೆ ಖಾರದ ಗಿಡದ ಕಾಯಿ ಸಪ್ಪೆಯಾಗುತ್ತದೆ ಅಂತ ಹೆದರುವವರು ತುಂಬಾ ಜನ. ಆಗುವುದಿಲ್ಲ. ಖಾರ ಇರುವ ತಿರುಳು ತಾಯಿ ಗಿಡದ್ದೇ ಭಾಗ, ಪರಾಗ ಎಲ್ಲಿಂದ ಬಂದರೂ ಈ ಸಲದ ಕಾಯಿ ಬದಲಾಗುವುದಿಲ್ಲ. ಅದರ ಬೀಜ ಬಿತ್ತಿ ಬೆಳೆಸಿದ ಮುಂದಿನ ಗಿಡದಲ್ಲಿ ಮಾತ್ರ ವ್ಯತ್ಯಾಸ ಕಾಣಬಹುದು. ಎಳೆಗಾಯಿ ಕಿತ್ತರೆ ಮಾತ್ರ ಖಾರ ನಿಜಕ್ಕೂ ಕಡಿಮೆ ಇರುತ್ತದೆ. ಬಣ್ಣ ತಿರುಗುವವರೆಗೆ ಕಾಯಿರಿ.

ಈಗಿರುವ ಬಾಟಲಿಯನ್ನು ಚೆಲ್ಲಬೇಡಿ. ಕಾಯಿಗಳನ್ನು ಹೊರತೆಗೆದು ನೋಡಿ, ಗಟ್ಟಿಯಾಗಿದ್ದು ವಾಸನೆ ಸರಿಯಿದ್ದರೆ ತೊಟ್ಟು ತೆಗೆದು ಕತ್ತರಿಸಿ. ಅದೇ ವಿನೆಗರನ್ನು ಬಿಸಿ ಮಾಡಿ ಮತ್ತೆ ಅದರಲ್ಲೇ ಹಾಕಿಡಿ. ಹತ್ತು ದಿನ ಬಿಟ್ಟು ರುಚಿ ನೋಡಿ. ಒಂದು ಹನಿ ಸಾಕು, ಚಮಚದ ತುಂಬ ಬೇಡ.