ಲಿಂಬೆ, ಪತ್ರಿ, ಕರಿಬೇವು: ಮೂರಕ್ಕೂ ಒಂದೇ ಹುಳ ಯಾಕೆ?

ಪ್ರಶ್ನೆ: ಇಂಡಿ ಹತ್ತಿರ ನಮ್ಮ ಲಿಂಬೆ ತೋಟ ಇದೆ. ಚಿಗುರು ಬಂದಾಗಲೆಲ್ಲ ಹಸಿರು ಹುಳ ಬಿದ್ದು ಎಲೆ ತಿಂದುಹಾಕುತ್ತದೆ. ಮನೆ ಮುಂದಿನ ಪತ್ರಿ (ಬಿಲ್ವ) ಗಿಡಕ್ಕೂ, ಹಿತ್ತಲ ಕರಿಬೇವಿಗೂ ಅದೇ ಹುಳ. ಪಕ್ಕದ ಬೇವಿನ ಮರಕ್ಕೆ ಮಾತ್ರ ಹೋಗುವುದಿಲ್ಲ. ಯಾಕೆ?

ಉತ್ತರ: ನಿಮ್ಮ ಆ ಮೂರೂ ಗಿಡಗಳು ಒಂದೇ ಕುಟುಂಬದವು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ರೂಟೇಸಿ ಅನ್ನುತ್ತಾರೆ. ನೀವು ನೋಡಿದ್ದು ಲಿಂಬೆ ಚಿಟ್ಟೆಯ ಮರಿಹುಳ. ತಾಯಿ ಚಿಟ್ಟೆ ಎಲೆ ಮೇಲೆ ಕೂತು ಕಾಲಿನಿಂದಲೇ ರುಚಿ ನೋಡುತ್ತದೆ. ತನ್ನ ಮರಿ ತಿನ್ನುವ ಗಿಡವೇ ಅಂತ ಖಾತ್ರಿಯಾದ ಮೇಲೆ ಮೊಟ್ಟೆ ಇಡುತ್ತದೆ. ಬೇವು ಬೇರೆಯದೇ ಕುಟುಂಬ. ಕರಿಬೇವಿಗೂ ಅದಕ್ಕೂ ಹೋಲುವುದು ಹೆಸರು ಮತ್ತು ಎಲೆ ಜೋಡಣೆ, ಅಷ್ಟೇ.

ಈ ನಂಟನ್ನು ನೀವೂ ಕಣ್ಣಾರೆ ನೋಡಬಹುದು. ಒಂದು ಲಿಂಬೆ ಎಲೆ ಕಿತ್ತು ಬಿಸಿಲಿಗೆ ಎತ್ತಿ ಹಿಡಿಯಿರಿ. ಸೂಜಿಯಿಂದ ಚುಚ್ಚಿದ ಹಾಗೆ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಯ ಚೀಲಗಳು. ಪತ್ರಿ, ಕರಿಬೇವಿನ ಎಲೆಯಲ್ಲೂ ಇವೆ. ಎಲೆ ಹಿಚುಕಿದಾಗ ಘಮ್ಮೆನ್ನುವುದು ಇದೇ ಎಣ್ಣೆ. ಸಣ್ಣವರಿದ್ದಾಗ ದೀಪದ ಮುಂದೆ ಕಿತ್ತಳೆ ಸಿಪ್ಪೆ ಹಿಂಡಿ ಚಟಚಟ ಕಿಡಿ ಹಾರಿಸಿದ್ದು ನೆನಪಿದೆ ಅಲ್ವಾ? ಅದೂ ಇಂಥದೇ ಎಣ್ಣೆ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾದ ಗುರುತು ಇನ್ನೊಂದಿದೆ. ಪತ್ರಿಯ ಒಂದು ಎಲೆಯಲ್ಲಿ ಮೂರು ದಳ, ಅಂದರೆ ಮೂರು ಕಿರು ಎಲೆ. ಬಳವಲ (ಬೇಲದ) ಹಣ್ಣಿನ ಗಿಡವೂ ಇದೇ ಕುಟುಂಬದ್ದು, ಅದರಲ್ಲಿ ಸಾಮಾನ್ಯವಾಗಿ ಐದೋ ಏಳೋ ದಳ. ಕರಿಬೇವಿನಲ್ಲಿ ಇನ್ನೂ ಹೆಚ್ಚು. ಲಿಂಬೆಯಲ್ಲಿ ಮಾತ್ರ ಒಂಟಿ ಎಲೆ. ಆದರೆ ತೊಟ್ಟಿಗೂ ಎಲೆಗೂ ನಡುವೆ ಬೆರಳಾಡಿಸಿ ನೋಡಿ, ಒಂದು ಸಣ್ಣ ಗೆಣ್ಣು ಸಿಗುತ್ತದೆ. ಅದು ದಳ ಕೂಡುವ ಜಾಗ. ಅಂದರೆ ಲಿಂಬೆಯದೂ ದಳದ ಎಲೆಯೇ, ಉಳಿದಿರುವುದು ಒಂದೇ ದಳ!

ಈ ಕುಟುಂಬದ ಹಣ್ಣುಗಳು ಊರೂರಿಗೆ ಬೇರೆ. ಕೊಡಗಿಗೆ ಕಿತ್ತಳೆ, ದೇವನಹಳ್ಳಿಗೆ ಚಕ್ಕೋತ, ನಮ್ಮ ವಿಜಯಪುರಕ್ಕೆ ಇಂಡಿ ಲಿಂಬೆ. ಮೂರಕ್ಕೂ ಜಿಐ ಟ್ಯಾಗ್ (ಊರಿನ ಹೆಸರಿನ ಜೊತೆ ಬೆಸೆದ ಬೆಳೆಗೆ ಕೊಡುವ ಅಧಿಕೃತ ಗುರುತು) ಇದೆ, ಇಂಡಿಗೆ ಸಿಕ್ಕಿದ್ದು 2023ರಲ್ಲಿ. ನಾವು ಬೆಳೆಯುವ ಕಾಗಜಿ ಲಿಂಬೆ ಮೂಲದಲ್ಲಿ ಮಿಶ್ರ ತಳಿ. ತಂದೆ ಮಾದಲ (ದಪ್ಪ ಸಿಪ್ಪೆಯ ದೊಡ್ಡ ಹುಳಿ ಹಣ್ಣು), ತಾಯಿ ಫಿಲಿಪ್ಪೀನ್ಸ್ ಕಡೆಯ ಒಂದು ಕಾಡು ಜಾತಿ. ಮೋಸಂಬಿಯೂ ಹಾಗೆಯೇ, ಚಕ್ಕೋತ ಮತ್ತು ಕಿತ್ತಳೆ ಬೆರೆತು ಹುಟ್ಟಿದ್ದು. ಲಿಂಬೆಗೆ ಕಜ್ಜಿರೋಗದ ಕಾಟ ಬಹಳ. ಅದು ಮಳೆ ಹನಿ, ಗಾಳಿಯ ಜೊತೆ ಹರಡುತ್ತದೆ. ನಮ್ಮ ಒಣ ಹವೆ ಅದಕ್ಕೆ ಅಷ್ಟು ಆಸರೆ ಕೊಡುವುದಿಲ್ಲ. ಮಳೆ ಕಡಿಮೆ ಅಂತ ಕೊರಗುವ ನಾಡಿಗೆ ಲಿಂಬೆ ಒಗ್ಗಿದ್ದರ ಹಿಂದೆ ಇದೂ ಒಂದು ಕಾರಣ. ಪತ್ರಿ, ಬಳವಲ ಇನ್ನೂ ಗಟ್ಟಿ ಜೀವ. ಬದುವಿನಲ್ಲಿ ನೀರಿಲ್ಲದೆಯೂ ನಿಲ್ಲುತ್ತವೆ.

ಇನ್ನು ಹುಳದ ಮಾತು. ದೊಡ್ಡ ಗಿಡ ಆ ನಷ್ಟ ತಡೆದುಕೊಳ್ಳುತ್ತದೆ. ಕಷ್ಟ ಆಗುವುದು ಸಸಿಗಳಿಗೆ. ಮರಿಹುಳ ಸಣ್ಣದಿದ್ದಾಗ ಹಕ್ಕಿ ಹಿಕ್ಕೆಯಂತೆ ಕಪ್ಪು-ಬಿಳಿ ಇರುತ್ತದೆ, ಸುಮ್ನೆ ದಾಟಿ ಹೋಗಬೇಡಿ. ಆಗಲೇ ಕೈಯಿಂದ ಆರಿಸಿ ತೆಗೆಯಿರಿ. ಮುಟ್ಟಿದಾಗ ತಲೆಯ ಹಿಂದಿನಿಂದ ಕವಲು ಕೊಂಬು ಹೊರಬಂದು ಗಬ್ಬು ವಾಸನೆ ಬರಬಹುದು. ಹೆದರಬೇಡಿ, ಅದು ಕಚ್ಚುವುದಿಲ್ಲ.