ಡಿಗ್ರಿ ಕೇಳುವ ಮೊದಲು ಭಟ್ಟಿಯ ಬಾಗಿಲ ಸುದ್ದಿ ಹೇಳಿ

ಭಟ್ಟಿಯೊಳಗೆ ಬಳಸುವ ಸಿರಾಮಿಕ್ ಕೊಡಿಸುವುದು ನನ್ನ ಕೆಲಸ. ಪುಣೆ ಹತ್ತಿರದ ಕಾರ್ಖಾನೆ ಪ್ರದೇಶಗಳಾದ ಭೋಸರಿ, ಚಾಕಣ ಕಡೆಯ ನಮ್ಮ ಕನ್ನಡ ಮಂದಿಯ ಫೋನು ಹೆಚ್ಚಾಗಿ ಹೀಗೇ ಶುರುವಾಗುತ್ತದೆ: “ಸರ, 99.7 ಅಲ್ಯುಮಿನಾ ಭಾಳ ತುಟ್ಟಿ ಆಗ್ತದ್ರಿ. ಕಡಿಮಿ ರೇಟಿಂದು ಏನರೆ ಇದ್ರ ಹೇಳ್ರಿ. ಎಷ್ಟ ಡಿಗ್ರಿ ತಡೀತದ ಅದು?”

99.7 ಎಂದರೆ ಶೇಕಡಾ 99.7 ಶುದ್ಧವಾದ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಸಿರಾಮಿಕ್. ಕಡಿಮೆ ಬೆಲೆಯದನ್ನು ಕೇಳುವುದರಲ್ಲಿ ತಪ್ಪಿಲ್ಲ. ಡಿಗ್ರಿ ಒಂದನ್ನೇ ಕೇಳಿ ಆರ್ಡರ್ ಕೊಡುವುದೇ ತಪ್ಪು. ಇಪ್ಪತ್ತು ವರ್ಷದಿಂದ ಇದನ್ನೇ ಹೇಳುತ್ತ ಬಂದಿದ್ದೇನೆ. ಭಟ್ಟಿಯೊಳಗೆ ಸಿರಾಮಿಕ್ ಕರಗಿ ಹಾಳಾಗಿದ್ದನ್ನು ನಾನು ಕಂಡಿದ್ದು ಅಪರೂಪ. ಅದು ಹಾಳಾಗುವುದು ಸೀಳಿ. ಖಾನಾಪುರದ ಮಣ್ಣಿನ ಗಡಿಗೆಯನ್ನು ನೇರ ಉರಿಯ ಮೇಲಿಟ್ಟು ಸಾರು ಕುದಿಸಬಹುದು, ಪಿಂಗಾಣಿ ಕಪ್ಪನ್ನು ಹಾಗೆ ಇಡಲಾಗದು. ಸುಡುವಾಗ ಗಡಿಗೆಗಿಂತ ಹೆಚ್ಚು ಬೆಂಕಿ ಕಂಡಿದ್ದು ಪಿಂಗಾಣಿಯೇ.

ಭೋಸರಿಯಲ್ಲಿ ಹೀಟ್ ಟ್ರೀಟ್‌ಮೆಂಟ್ (ಲೋಹದ ಮಾಲನ್ನು ಕಾಯಿಸಿ ಹದಗೊಳಿಸುವ ಕೆಲಸ) ಮಾಡುವ ಇಂಡಿ ಕಡೆಯ ಒಬ್ಬರಿದ್ದಾರೆ, ನನ್ನನ್ನು ಅಣ್ಣಾ ಎನ್ನುತ್ತಾರೆ. ಭಟ್ಟಿಯೊಳಗೆ ಮಾಲು ಇಡುವ ಅವರ ಅಲ್ಯುಮಿನಾ ಪ್ಲೇಟುಗಳು ಮೂರನೇ ಸಲ ಒಡೆದಾಗ ನಾನೇ ಹೋಗಿ ಒಂದು ಪಾಳಿ ಭಟ್ಟಿಯ ಪಕ್ಕ ಕೂತೆ. ಚಳಿಗಾಲದ ಬೆಳಗು, ಶೆಡ್ಡಿನ ಶಟರ್ ತೆರೆದೇ ಇತ್ತು. ಮೀಟರ್ 950 ತೋರಿಸುತ್ತಿರುವಾಗಲೇ ಹುಡುಗ ಬಾಗಿಲು ಎತ್ತಿ, ಕೊಕ್ಕೆಯಿಂದ ಪ್ಲೇಟು ಎಳೆದು ಕಬ್ಬಿಣದ ಸ್ಟ್ಯಾಂಡಿನ ಮೇಲಿಟ್ಟ. ಅರ್ಧ ನಿಮಿಷಕ್ಕೆ ಟಣ್ ಎಂದಿತು. ಅಂಚಿನಿಂದ ನಡುವಿನವರೆಗೆ ಕೂದಲೆಳೆಯಂಥ ಗೆರೆ. 2050 ಡಿಗ್ರಿ ಹತ್ತಿರ ಕರಗುವ ಮಾಲು ಅದು!

ಆಗಿದ್ದಿಷ್ಟು. ಅಂಚು ಬೇಗ ಆರಿ ಕುಗ್ಗುತ್ತದೆ, ನಡುಭಾಗ ಇನ್ನೂ ಕೆಂಪಗೆ ಹಿಗ್ಗಿಯೇ ಇರುತ್ತದೆ. ಕುಗ್ಗುವ ಅಂಚನ್ನು ನಡುಭಾಗ ಜಗ್ಗಿ ಹಿಡಿಯುತ್ತದೆ. ಸಿರಾಮಿಕ್ ಎಷ್ಟು ಒತ್ತಿದರೂ ತಾಳೀತು, ಜಗ್ಗಿದರೆ ತಾಳದು. ಲೆಕ್ಕ ನೋಡಿ: 300 ಮಿ.ಮೀ. ಅಲ್ಯುಮಿನಾ ಪ್ಲೇಟು ಸಾವಿರ ಡಿಗ್ರಿ ಏರಿದರೆ ಸುಮಾರು 2.4 ಮಿ.ಮೀ. ಹಿಗ್ಗುತ್ತದೆ. ಅಲ್ಯುಮಿನಾ ಮತ್ತು ಸಿಲಿಕಾ (ಮರಳಿನ ಮೂಲವಸ್ತು) ಕೂಡಿದ ಮುಲ್ಲೈಟ್ ಸಿರಾಮಿಕ್ 1.5. ಅವೆರಡರ ಜೊತೆ ಮೆಗ್ನೀಸಿಯಂ ಕೂಡ ಇರುವ ಕಾರ್ಡಿಯರೈಟ್ ಬರೀ 0.6 ಆಸುಪಾಸು. ಹಿಗ್ಗುವುದೇ ಕಡಿಮೆಯಾದರೆ ಜಗ್ಗಾಟವೂ ಕಡಿಮೆ. ಅವರಿಗೆ ಕಾರ್ಡಿಯರೈಟ್-ಮುಲ್ಲೈಟ್ ಪ್ಲೇಟು ಕೊಡಿಸಿದೆ, ಅದೂ ಅಲ್ಯುಮಿನಾಕ್ಕಿಂತ ಕಡಿಮೆ ರೇಟಿಗೆ. ಮುಂದಿನ ದೀಪಾವಳಿಯ ಪೂಜೆಗೆ ಕರೆದಾಗಲೂ ಅವೇ ಪ್ಲೇಟು ಓಡುತ್ತಿದ್ದವು. ಆವತ್ತು ನನಗಾದ ಖುಷಿ ಅವರಿಗಿಂತ ಹೆಚ್ಚು.

ಇದನ್ನು ಓದಿ ಎಲ್ಲದಕ್ಕೂ ಕಾರ್ಡಿಯರೈಟ್ ತರಬೇಡಿ. ನಾನು ಅದನ್ನು 1250ರ ಮೇಲೆ ಒಯ್ಯುವುದಿಲ್ಲ. ಇನ್ನೊಬ್ಬರು ಕೇಳದೇ 1400ಕ್ಕೆ ಹಾಕಿದರು, ಪ್ಲೇಟು ಒಡೆಯಲಿಲ್ಲ, ಮಾಲಿನ ಭಾರಕ್ಕೆ ಹಸಿ ಹಪ್ಪಳದಂತೆ ಜೋತುಬಿತ್ತು. ಅಷ್ಟು ಬಿಸಿಗೆ ಒಳ್ಳೆಯ ಮುಲ್ಲೈಟ್ ನೋಡಬೇಕು. ಫ್ಯೂಸ್ಡ್ ಸಿಲಿಕಾ (ಕರಗಿಸಿ ಗಾಜಾಗಿಸಿದ ಸಿಲಿಕಾ) ಹಿಗ್ಗುವುದೇ ಇಲ್ಲ ಎನ್ನುವಷ್ಟು ಕಡಿಮೆ ಹಿಗ್ಗುತ್ತದೆ. ಆದರೆ 1100ರ ಮೇಲೆ ಬಹಳ ಹೊತ್ತು ಇಟ್ಟರೆ ಒಳಗೊಳಗೇ ಹರಳುಗಟ್ಟುತ್ತದೆ, ಮುಂದೆ ತಣಿಯುವಾಗ 250ರ ಆಸುಪಾಸು ಬಂದಾಗ ಸೀಳುತ್ತದೆ.

ಒಂದು ಜಾಗದಲ್ಲಿ ಮಾತ್ರ ದುಡ್ಡು ಉಳಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಹೈಡ್ರೋಜನ್ ಓಡುವ ಭಟ್ಟಿಯಲ್ಲಿ ಪ್ಲಾಟಿನಂ ಥರ್ಮೋಕಪಲ್ (ಬಿಸಿ ಅಳೆಯುವ ತಂತಿಜೋಡಿ) ಇದ್ದರೆ ಅದರ ಟ್ಯೂಬು ಶುದ್ಧ ಅಲ್ಯುಮಿನಾದ್ದೇ ಇರಲಿ. ಮುಲ್ಲೈಟ್‌ನಲ್ಲಿರುವ ಸಿಲಿಕಾ ಅಲ್ಲಿ ಆವಿಯಾಗಿ ತಂತಿಗೆ ಹತ್ತುತ್ತದೆ. ಮೊದಲು ಮೀಟರ್ ತಪ್ಪು ತೋರಿಸುತ್ತದೆ, ಆಮೇಲೆ ತಂತಿ ಒಣಕಡ್ಡಿಯಂತೆ ಮುರಿಯುತ್ತದೆ. ಪ್ಲಾಟಿನಂ ರೇಟು ನಿಮಗೇ ಗೊತ್ತು.

ಇನ್ನು ಮುಂದೆ ಫೋನು ಮಾಡುವಾಗ ಎಷ್ಟು ನಿಮಿಷದಲ್ಲಿ ಏರಿಸುತ್ತೀರಿ, ಎಷ್ಟು ನಿಮಿಷದಲ್ಲಿ ಇಳಿಸುತ್ತೀರಿ, ಪಾಳಿಗೆ ಬಾಗಿಲು ಎಷ್ಟು ಸಲ ತೆಗೆಯುತ್ತೀರಿ, ಒಳಗೆ ಯಾವ ಗ್ಯಾಸು, ಮೇಲೆ ಎಷ್ಟು ಕಿಲೋ ಭಾರ, ಇಷ್ಟು ಬರೆದಿಟ್ಟುಕೊಂಡಿರಿ. ಒಡೆದ ಚೂರುಗಳನ್ನು ಭಂಗಾರಿಗೆ ಹಾಕಬೇಡಿ, ಚೀಲದಲ್ಲಿ ತುಂಬಿ ತನ್ನಿ. ಗೆರೆ ಅಂಚಿನಿಂದ ಹೊರಟಿದೆಯೋ, ಭಾರ ಕೂತಲ್ಲಿಂದ ಹೊರಟಿದೆಯೋ ನೋಡದೆ ನಾನು ಯಾವ ರೇಟನ್ನೂ ಹೇಳುವುದಿಲ್ಲ.