ಸೀಡ್ ಎಂಬ ಜಾತಕ

ಡಿಸೆಂಬರಿನಲ್ಲಿ ಮಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಎಕ್ಸ್‌ಟರ್ನಲ್ ಪರೀಕ್ಷಕನಾಗಿ ಹೋಗಿದ್ದೆ. ಆಯುಧಪೂಜೆ ಕಳೆದು ಎರಡು ತಿಂಗಳಾಗಿದ್ದರೂ ಲ್ಯಾಬಿನ ಮಾನಿಟರುಗಳ ಮೂಲೆಯಲ್ಲಿ ಗಂಧದ ಬೊಟ್ಟು ಹಾಗೇ ಇತ್ತು. ಒಂದು ಸಿಪಿಯು ಮೇಲೆ ಸೇವಂತಿಗೆ ಒಣಗಿ ಕಂದಿತ್ತು. ತಾವೇ ಕಟ್ಟಿದ ಪುಟ್ಟ ಆಪರೇಟಿಂಗ್ ಸಿಸ್ಟಮ್ಮನ್ನು ಮಕ್ಕಳು ಅಂದು ಓಡಿಸಿ ತೋರಿಸಬೇಕಿತ್ತು. ಒಬ್ಬ ಹುಡುಗ ಹತ್ತಿರದ ಸಿಸ್ಟಮ್‌ಗಳನ್ನೆಲ್ಲ ಬಿಟ್ಟು ನನ್ನನ್ನು ಆ ಸೇವಂತಿಗೆಯ ಬಳಿಗೇ ಕರೆದುಕೊಂಡು ಹೋದ. "ಇದರಲ್ಲೇ ತೋರಿಸ್ತೇನೆ ಸರ್. ಇದು ಯಾವತ್ತೂ ಕೈಕೊಟ್ಟಿಲ್ಲ."

ಎರಡು ಥ್ರೆಡ್‌ಗಳು (ಒಂದು ಪ್ರೋಗ್ರಾಮಿನೊಳಗೆ ಒಟ್ಟೊಟ್ಟಿಗೆ ಸಾಗುವ ಕೆಲಸದ ಎಳೆಗಳು) ಒಂದೇ ಲೆಕ್ಕಕ್ಕೆ ತಲಾ ಒಂದು ಲಕ್ಷ ಸಲ ಒಂದೊಂದು ಕೂಡಿಸಬೇಕು, ಅಷ್ಟೇ ಪರೀಕ್ಷೆ. ಮೂರು ಸಲ ಓಡಿಸಿದ. ಮೂರು ಸಲವೂ 2,00,000 ಬಂತು. ಕೋಡ್ ತೆರೆಸಿ ನೋಡಿದರೆ, ಒಂದು ಥ್ರೆಡ್ ಲೆಕ್ಕ ಮುಟ್ಟಿರುವಾಗ ಇನ್ನೊಂದನ್ನು ತಡೆದು ನಿಲ್ಲಿಸುವ ಲಾಕ್ ಇರಲೇ ಇಲ್ಲ.

"ಲಾಕ್ ಎಲ್ಲಿ ಮಾರಾಯ?"

"ಬೇಕಾಗ್ಲಿಲ್ಲ ಸರ್. ಸರಿ ಬರ್ತಾ ಉಂಟಲ್ಲ."

ಬಾಗಿಲಿಗೆ ಕಟ್ಟಿದ ಲಿಂಬೆಹಣ್ಣು, ಮೆಣಸಿನಕಾಯಿ ನೋಡಿದರೆ ನನಗೆ ನಗು ಬರುತ್ತದೆ. ಈ "ಸರಿ ಬರ್ತಾ ಉಂಟಲ್ಲ" ಕೇಳಿದರೆ ಮಾತ್ರ ಹೆದರಿಕೆಯಾಗುತ್ತದೆ. ಎರಡರ ತರ್ಕವೂ ಒಂದೇ: ಕಟ್ಟಿದೆವು, ಕೆಟ್ಟದ್ದು ಆಗಲಿಲ್ಲ, ಆದ್ದರಿಂದ ಕಟ್ಟಿದ್ದೇ ಕಾರಣ.

ಆಗಿದ್ದು ಏನೆಂದರೆ, ಒಂದು ಕೂಡಿಸುವುದು ನಮ್ಮ ಕಣ್ಣಿಗೆ ಒಂದು ಕೆಲಸ, ಪ್ರೊಸೆಸರಿಗೆ ಸಾಮಾನ್ಯವಾಗಿ ಮೂರು. ಮೆಮೊರಿಯಿಂದ ಹಳೆಯ ಸಂಖ್ಯೆ ತರಬೇಕು, ಒಂದು ಸೇರಿಸಬೇಕು, ಹಿಂದಕ್ಕೆ ಬರೆಯಬೇಕು. ನಮ್ಮ ಮನೆಯಲ್ಲಿ ಮಟ್ಟುಗುಳ್ಳದ ಕೊದ್ದೆಲು ಒಮ್ಮೊಮ್ಮೆ ಉಪ್ಪುಪ್ಪಾಗುವುದು ಇದೇ ಕಾರಣಕ್ಕೆ. ಅಮ್ಮ ರುಚಿ ನೋಡಿ, ಉಪ್ಪಿಲ್ಲವೆಂದು ಡಬ್ಬಿ ಹುಡುಕಲು ತಿರುಗುತ್ತಾರೆ. ಅಷ್ಟರಲ್ಲಿ ಚಿಕ್ಕಮ್ಮ ಬಂದು ರುಚಿ ನೋಡಿ ಉಪ್ಪು ಹಾಕಿ ಹೋಗಿರುತ್ತಾರೆ. ಅಮ್ಮ ತಿರುಗಿ ಬಂದು ತಮ್ಮ ಪಾಲಿನದ್ದನ್ನೂ ಹಾಕುತ್ತಾರೆ. ಇಬ್ಬರದೂ ತಪ್ಪಲ್ಲ. ರುಚಿ ನೋಡುವುದಕ್ಕೂ ಉಪ್ಪು ಹಾಕುವುದಕ್ಕೂ ನಡುವೆ ಇರುವ ಆ ಸಂದಿಯದ್ದು ತಪ್ಪು. ಇದಕ್ಕೆ ರೇಸ್ ಕಂಡಿಷನ್ ಎನ್ನುತ್ತಾರೆ. ಲೆಕ್ಕದ ವಿಷಯದಲ್ಲಿ ಇನ್ನೂ ಕೆಟ್ಟದ್ದಾಗುತ್ತದೆ: ಹಳೆಯ ಸಂಖ್ಯೆ ಹಿಡಿದು ನಿಂತ ಥ್ರೆಡ್ ಎಚ್ಚತ್ತು ಅದನ್ನೇ ಬರೆದರೆ, ಅಷ್ಟು ಹೊತ್ತು ಇನ್ನೊಬ್ಬ ದುಡಿದದ್ದೆಲ್ಲ ಅಳಿಸಿಹೋಗುತ್ತದೆ.

ಉಡುಪಿಯವರಿಗೆ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಸರದಿ, ಗೊತ್ತು. ಎಂಟು ಮಠ, ತಲಾ ಎರಡು ವರ್ಷ, 16 ವರ್ಷಕ್ಕೆ ಒಂದು ಸುತ್ತು. ಕಂಪ್ಯೂಟರಿನವರು ರೌಂಡ್ ರಾಬಿನ್ ಎಂದು ಕಲಿಸುವುದು ಇದನ್ನೇ. ಮಧ್ವಾಚಾರ್ಯರ ಕಾಲದಲ್ಲಿ ಸರದಿ ಎರಡೆರಡು ತಿಂಗಳದ್ದಾಗಿತ್ತು, ವಾದಿರಾಜರು ಅದನ್ನು ಎರಡು ವರ್ಷಕ್ಕೆ ಹಿಗ್ಗಿಸಿದರು. ಇವತ್ತಿನ ಭಾಷೆಯಲ್ಲಿ ಟೈಮ್ ಸ್ಲೈಸ್, ಅಂದರೆ ಒಂದು ಸರದಿಯ ಹೊತ್ತು, ಹನ್ನೆರಡು ಪಟ್ಟು ಮಾಡಿದರು. ನನಗೆ ಇಷ್ಟವಾಗುವುದು ಹಸ್ತಾಂತರದ ಕ್ರಮ. ಇಳಿಯುವ ಸ್ವಾಮಿಗಳು ಏರುವವರಿಗೆ ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಕೈಗೆ ಕೊಡುತ್ತಾರೆ. ಸಟ್ಟುಗ ಒಂದೇ, ಅದು ಯಾರ ಕೈಯಲ್ಲಿದೆಯೋ ಬಡಿಸುವ ಅಧಿಕಾರ ಅವರದು. ಲಾಕ್ ಎಂದರೆ ಆ ಸಟ್ಟುಗ. ಅಡುಗೆಮನೆಯಲ್ಲಿ ಅದಿಲ್ಲದ್ದಕ್ಕೇ ಕೊದ್ದೆಲು ಕೆಟ್ಟದ್ದು.

ಹಾಗಾದರೆ ಹುಡುಗನಿಗೆ ಮೂರು ಸಲವೂ ಸರಿಯುತ್ತರ ಹೇಗೆ ಬಂತು? ಅವನ ಸಿಸ್ಟಮ್ಮಿನಲ್ಲಿ ಟೈಮರ್ ಗಂಟೆ ಸೆಕೆಂಡಿಗೆ 100 ಸಲ ಹೊಡೆಯುತ್ತಿತ್ತು. ಗಂಟೆ ಹೊಡೆದರಷ್ಟೇ ಕೂತಿದ್ದ ಥ್ರೆಡ್ಡನ್ನು ಕೆಲಸದ ನಡುವೆ ಎಬ್ಬಿಸಿ ಆ ಜಾಗದಲ್ಲಿ ಇನ್ನೊಂದನ್ನು ಕೂರಿಸುವುದು. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ 10 ಮಿಲಿಸೆಕೆಂಡ್. ಇವತ್ತಿನ ಯಂತ್ರಕ್ಕೆ ಒಂದು ಲಕ್ಷ ಸಲ ಕೂಡಿಸಲು ಅಷ್ಟೆಲ್ಲ ಬೇಡ. ಮೊದಲನೆಯದು ಗಂಟೆಗೆ ಮುಂಚೆಯೇ ಊಟ ಮುಗಿಸಿ ಕೈತೊಳೆದಿರುತ್ತದೆ, ಆಮೇಲೆ ಎರಡನೆಯದು ಆರಾಮವಾಗಿ ಕೂರುತ್ತದೆ. ಇಬ್ಬರೂ ಒಂದೇ ಹೊತ್ತಿಗೆ ಒಲೆಯ ಮುಂದೆ ನಿಂತದ್ದೇ ಇಲ್ಲ. ಮೂರು ಸಲ ಏನು, ಮುನ್ನೂರು ಸಲ ಓಡಿಸಿದರೂ ಅವನು ಪರೀಕ್ಷಿಸಿದ್ದು ಸೊನ್ನೆ.

ಅಡಗಿದ ತಪ್ಪು ಹೊರಗೆ ಬರಬೇಕಾದರೆ ಗಂಟೆಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಹೊಡೆಸಬೇಕು. ವಿದ್ಯಾರ್ಥಿಗಳ ಓಎಸ್ (ಆಪರೇಟಿಂಗ್ ಸಿಸ್ಟಮ್) ಸಾಮಾನ್ಯವಾಗಿ ನಿಜವಾದ ಯಂತ್ರದ ಮೇಲೆ ಓಡುವುದಿಲ್ಲ, ಬಾಕ್ಸ್ ಅಥವಾ ಕ್ಯೂಎಮು ಎಂಬ, ತಂತ್ರಾಂಶದಲ್ಲೇ ಕಟ್ಟಿದ ಸೋಗಿನ ಯಂತ್ರದೊಳಗೆ ಓಡುತ್ತದೆ. ಅಲ್ಲಿ ಗಡಿಯಾರವೂ ಸೋಗಿನದೇ, ನಾವು ತಿರುಗಿಸಿದಂತೆ ತಿರುಗುತ್ತದೆ. ಆದರೆ ಸುಮ್ಮನೆ ಅಡ್ಡಾದಿಡ್ಡಿ ಹೊಡೆಸಿದರೆ ಇನ್ನೊಂದು ತಲೆನೋವು. ನೂರರಲ್ಲಿ ಒಮ್ಮೆ ತಪ್ಪು ಕಾಣಿಸಿ ಮಾಯವಾಗುತ್ತದೆ. ಏನಾಯಿತೆಂದು ನೋಡಲು ನಡುವೆ ಒಂದು ಪ್ರಿಂಟ್ ಸಾಲು ಹಾಕಿದರೆ, ಆ ಸಾಲಿನಿಂದಲೇ ಹೊತ್ತು ಬದಲಾಗಿ ತಪ್ಪು ಓಡಿಹೋಗುತ್ತದೆ. ದೆವ್ವದ ಕಥೆಗಳು ಹುಟ್ಟುವುದೇ ಇಂಥ ಕಡೆ.

ಸ್ಟ್ಯಾನ್‌ಫರ್ಡ್‌ನಲ್ಲಿ 2004ರಲ್ಲಿ ಬೆನ್ ಫಾಫ್ ಪಾಠಕ್ಕೆಂದೇ ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಮ್ ಪಿಂಟೋಸ್‌ನಲ್ಲಿ ಇದಕ್ಕೊಂದು ಚೆಂದದ ಉಪಾಯ ಉಂಟು. ಓಡಿಸುವಾಗ ಒಂದು ಸಂಖ್ಯೆ ಕೊಟ್ಟರೆ ಗಂಟೆ ಅಡ್ಡಾದಿಡ್ಡಿ ಹೊಡೆಯುತ್ತದೆ. ಅದೇ ಸಂಖ್ಯೆಯನ್ನು ಮತ್ತೆ ಕೊಟ್ಟರೆ ಚೂರೂ ತಪ್ಪದೆ ಅದೇ ಅಡ್ಡಾದಿಡ್ಡಿ. ಆ ಸಂಖ್ಯೆಯೇ ಸೀಡ್. ಇದರ ಒಳಗುಟ್ಟನ್ನು ಕಾಗದದ ಮೇಲೇ ಮಾಡಿ ನೋಡಬಹುದು. ಒಂದು ಸಂಖ್ಯೆ ತೆಗೆದುಕೊಳ್ಳಿ, 5ರಿಂದ ಗುಣಿಸಿ, 3 ಕೂಡಿಸಿ, 16ರಿಂದ ಭಾಗಿಸಿ ಉಳಿದ ಶೇಷ ಬರೆಯಿರಿ. 7ರಿಂದ ಶುರುಮಾಡಿದರೆ 6, 1, 8, 11, 10, 5, 12 ಎಂದು ಹೋಗುತ್ತದೆ. ನೋಡಿದವರಿಗೆ ಕವಡೆ ಎಸೆದಂತೆ ಕಾಣುತ್ತದೆ, ಆದರೆ 7 ಗೊತ್ತಿದ್ದವನಿಗೆ ಎಲ್ಲವೂ ಗೊತ್ತು. ಹದಿನಾರು ಹೆಜ್ಜೆಗೆ ಸುತ್ತು ಮುಗಿದು ಮತ್ತೆ 7 (ಹೌದು, ಪರ್ಯಾಯದ ಹಾಗೆಯೇ; ಬರೀ ಕಾಕತಾಳೀಯ, ಯಾರೂ ಫಾರ್ವರ್ಡ್ ಮಾಡಬೇಡಿ). ಈ ಗುಣಿಸಿ ಶೇಷ ತೆಗೆಯುವ ದಾರಿಯನ್ನು ಹೇಳಿಕೊಟ್ಟವರು ಅಮೆರಿಕದ ಗಣಿತಜ್ಞ ಡಿ. ಎಚ್. ಲೆಹ್ಮರ್, 1949ರಲ್ಲಿ. ನಿಜವಾದ ತಂತ್ರಾಂಶಗಳಲ್ಲಿ ಈ ದಾರಿ ಹಿಡಿದರೆ 16ರ ಬದಲು ದೊಡ್ಡ ದೊಡ್ಡ ಸಂಖ್ಯೆಗಳಿರುತ್ತವೆ. ಹುಟ್ಟಿದ ಗಳಿಗೆ ಹೇಳಿದರೆ ಆಯುಷ್ಯವೆಲ್ಲ ಹೇಳುವ ಜಾತಕವನ್ನು ಜನ ಎಲ್ಲೆಲ್ಲೋ ಹುಡುಕುತ್ತಾರೆ. ಅದು ಇರುವುದು ಇಲ್ಲಿ. ಸೀಡ್ ಹೇಳಿದರೆ ಆ ಓಟದ ಹುಟ್ಟು, ಕಂಟಕ, ಸಾವು ಎಲ್ಲವೂ ನಿರ್ಧಾರ. ಬೇಕಾದರೆ ಕಂಟಕದ ಗಳಿಗೆಗೆ ಹಿಂದಿರುಗಿ, ಒಂದೊಂದೇ ಹೆಜ್ಜೆ ನಿಲ್ಲಿಸಿ ನೋಡಬಹುದು.

ಇಷ್ಟೆಲ್ಲ ಮಕ್ಕಳಾಟಕ್ಕೇ ಎನ್ನುವವರು 2003ರ ಆಗಸ್ಟ್ 14ನ್ನು ನೆನಪಿಸಿಕೊಳ್ಳಬೇಕು. ಅಮೆರಿಕದ ಒಹಾಯೋದಲ್ಲಿ ವಿದ್ಯುತ್ ತಂತಿಗಳು ಮರಕ್ಕೆ ತಾಗಿ ಒಂದೊಂದೇ ಕೈಬಿಡುತ್ತಿದ್ದಾಗ ಕಂಟ್ರೋಲ್ ರೂಮಿನ ಎಚ್ಚರಿಕೆಯ ತಂತ್ರಾಂಶ ಸದ್ದಿಲ್ಲದೆ ನಿಂತುಹೋಗಿತ್ತು. ಅಮೆರಿಕ, ಕೆನಡಾ ಸೇರಿ ಸುಮಾರು 5 ಕೋಟಿ ಜನ ಕತ್ತಲಲ್ಲಿ ಕೂತರು. ಅಲ್ಲೂ ಇದ್ದದ್ದು ರೇಸ್ ಕಂಡಿಷನ್, ಮಿಲಿಸೆಕೆಂಡುಗಳ ಸಂದಿ. ಅದೇ ತಂತ್ರಾಂಶ ಅದಕ್ಕೆ ಮೊದಲು ಬೇರೆ ಬೇರೆ ಕಡೆ ಒಟ್ಟು 30 ಲಕ್ಷ ಗಂಟೆಗೂ ಮಿಕ್ಕಿ ಓಡಿತ್ತು, ಒಮ್ಮೆಯೂ ಈ ತಪ್ಪು ಮೇಲೆ ಬಂದಿರಲಿಲ್ಲ. ಸರಿ ಬರ್ತಾ ಉಂಟಲ್ಲ! ಕೊನೆಗೆ ಅದನ್ನು ಹಿಡಿದದ್ದು ಕೋಡಿನ ನಡುನಡುವೆ ಬೇಕೆಂದೇ ವಿಳಂಬ ತುರುಕಿ, ಅಂದರೆ ಗಂಟೆಯನ್ನು ಹೊತ್ತಲ್ಲದ ಹೊತ್ತಿಗೆ ಹೊಡೆಸಿದಂತೆಯೇ.

ತಂತ್ರಾಂಶದ ಇಂಥ ತಪ್ಪುಗಳಿಗೆ ಬಗ್ (ಹುಳ) ಎಂಬ ಹೆಸರು 1947ರಲ್ಲಿ ಹಾರ್ವರ್ಡಿನ ಯಂತ್ರದಲ್ಲಿ ಪತಂಗ ಸಿಕ್ಕಿದ್ದರಿಂದ ಬಂತೆಂದು ವೈವಾದಲ್ಲಿ ಒಬ್ಬಳು ಹೇಳಿದಳು. ಪತಂಗ ಸಿಕ್ಕಿದ್ದು ನಿಜ, ಲಾಗ್ ಪುಸ್ತಕಕ್ಕೆ ಅಂಟಿಸಿದ್ದೂ ನಿಜ. ಆದರೆ ಎಡಿಸನ್ 1878ರಲ್ಲೇ ತನ್ನ ಪತ್ರದಲ್ಲಿ ಆ ಪದ ಬಳಸಿದ್ದ. ಅರ್ಧ ಅಂಕ ಕೊಟ್ಟೆ.

ಹುಡುಗನಿಗೆ ಹೇಳಿದೆ, "1ರಿಂದ 500ರ ತನಕ ಸೀಡ್ ಹಾಕಿ ಓಡಿಸು, ಊಟ ಮಾಡಿ ಬರುತ್ತೇನೆ." ಬಂದು ನೋಡುವಾಗ ಅವನು ಊಟಕ್ಕೇ ಹೋಗಿರಲಿಲ್ಲ. 36ರ ತನಕ 2,00,000 ಬಂದಿತ್ತು, 37ರಲ್ಲಿ 1,64,218. ಮತ್ತೆ 37 ಕೊಟ್ಟ, ಮತ್ತೆ 1,64,218. ಪಕ್ಕದ ಸಿಸ್ಟಮ್ಮಿನಲ್ಲಿ ಕೊಟ್ಟ, ಅಲ್ಲೂ ಅದೇ.

"ಸರ್, ಇದು ಯಾವ ಸಿಸ್ಟಮ್ಮಿನಲ್ಲಾದರೂ ಇಷ್ಟೇ ಬರ್ತದಾ?"

"ಇಷ್ಟೇ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಲಾಕ್ ಹಾಕಲು ಕೂತ, ಬಾಗಿಲ ಹತ್ತಿರ ಮೊದಲು ಸಿಕ್ಕಿದ ಸಿಸ್ಟಮ್ಮಿನಲ್ಲೇ.